ನಾನು ಹಿಡಿದ ನಾಯಿಗೆ ಮೂರೇ ಕಾಲು

ಫೆಬ್ರವರಿ 9

ಅಮ್ಮನಿಗೆ,

ಫೋನಿನಲ್ಲಿ ನಾನು ನಿನಗೆ ಮಾತಾಡಲು ಬಿಡುವುದಿಲ್ಲವಂತೆ. ಇನ್ನು ಮೇಲೆ ಏನಿದ್ದರೂ ಕಾಗದ ಬರೆ, ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ ಎಂದು ಹೇಳಿ ನೀನು ಫೋನ್ ಇಟ್ಟೇಬಿಟ್ಟೆ. ಸರಿ, ಬರೆಯುತ್ತಿದ್ದೇನೆ. ಕಾಗದದಲ್ಲೂ ಜೋರಾಗಿ ಮಾತಾಡುವುದು ನನಗೆ ಬರುತ್ತದೆ.

ನೀನು ಪೂರ್ತಿ ಕೇಳಿಸಿಕೊಳ್ಳದ ಸುದ್ದಿ ಇದು. ಗೊಣಗ ಕುಂಟುತ್ತಿರುವುದು ಉಳುಕಿನಿಂದ ಅಲ್ಲ. ಮುಂದಿನ ಎಡಗಾಲಿನ ಮೂಳೆಯಲ್ಲಿ ಕ್ಯಾನ್ಸರ್. ಪ್ರಾಣಿ ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂಳೆ ಗೆದ್ದಲು ತಿಂದ ಕಿಟಕಿ ಚೌಕಟ್ಟಿನ ಹಾಗಾಗಿತ್ತು. ಅವನು ಮೇಜಿನ ಮೇಲೆ ಮಲಗಿ, ಅವರು ಕಾಲು ಮುಟ್ಟಿದಾಗಲೆಲ್ಲ ಗೊಣಗುತ್ತಿದ್ದ. ಕಚ್ಚಲಿಲ್ಲ. ಒಂಬತ್ತು ವರ್ಷದಲ್ಲಿ ಒಬ್ಬರನ್ನೂ ಕಚ್ಚಿದವನಲ್ಲ, ಬರೀ ಅಸಮಾಧಾನ ಸೂಚಿಸುತ್ತಾನೆ.

ದಿನವಿಡೀ ನಾಯಿ ಏನು ಮಾಡುತ್ತದೆ ಎಂದು ಕೇಳಿದರು. ಕೆಲಸಕ್ಕೆ ಹೋಗುತ್ತಾನೆ ಎಂದೆ. ನಾನು ಡ್ರೈವಿಂಗ್ ಕಲಿಸುತ್ತೇನೆ, ಹಿಂದಿನ ಸೀಟು ಅವನದು, ಕಲಿಯುವವರು ಕ್ಲಚ್ಚನ್ನು ಜರ್ರನೆ ಬಿಟ್ಟರೆ ಗೊಣಗುತ್ತಾನೆ, ಬ್ರೇಕನ್ನು ಧಡಕ್ಕನೆ ಒತ್ತಿದರೆ ಇನ್ನೂ ಜೋರಾಗಿ ಗೊಣಗುತ್ತಾನೆ, ಅವನು ಊರು ಸುತ್ತುವಷ್ಟು ಹೊತ್ತೂ ನಿದ್ದೆ ಮಾಡಿದ ದಿನ ನಾನು ಅವರನ್ನು ಪರೀಕ್ಷೆಗೆ ಕಳಿಸುತ್ತೇನೆ ಎಂದು ವಿವರಿಸಿದೆ. ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಬೇಕಾದ್ದನ್ನು ಹೇಳಿದರು. ಕಾಲನ್ನು ಭುಜದವರೆಗೂ ತೆಗೆಯಬೇಕು. ಆಮೇಲೆ ಮೂರು ವಾರಕ್ಕೊಮ್ಮೆ ನರಕ್ಕೆ ಔಷಧಿ ಇಳಿಸಬೇಕು. ಹಾಗೆ ಮಾಡಿದರೆ ಒಂದು ವರ್ಷ ಸಿಗಬಹುದು, ಅದೃಷ್ಟವಿದ್ದರೆ ಹೆಚ್ಚು. ಬರೀ ನೋವಿನ ಮಾತ್ರೆ ಎಂದರೆ ಕೆಲವೇ ತಿಂಗಳು.

ಮಹಡಿ ಮನೆಯ ವಕೀಲರು ಮೆಟ್ಟಿಲ ಮೇಲೆ ಸಿಕ್ಕಿ, ನಾಯಿಗೆಲ್ಲ ಯಾರಾದರೂ ಇಷ್ಟು ಮಾಡಿಸುತ್ತಾರಾ, ಒಂದು ಇಂಜೆಕ್ಷನ್ನಿಗೆ ಮುಗಿಯುವ ಕೆಲಸ ಎಂದರು. ನಿಮ್ಮ ಮಂಡಿ ಆಪರೇಷನ್ನಿನಲ್ಲಿ ಯಾರೂ ಹಾಗೆ ಹೇಳಲಿಲ್ಲವಲ್ಲ ಎಂದೆ. ಈಗ ಮಾತು ಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು.

ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಮೂರು ವರ್ಷದ ಹಿಂದೆ ಇದೇ ಕಾಯಿಲೆಯಿಂದ ನಿನ್ನನ್ನು ಎಳೆದು ತಂದವಳು ನಾನು. ಆಗಲೂ ಎಲ್ಲರೂ ವಯಸ್ಸಾಯಿತಲ್ಲ ಎಂದರು. ನಾನು ಗೆದ್ದೆ. ಇವನಿಗೂ ಮಾಡಿಸುತ್ತೇನೆ.

ಜೋರು ದನಿಯ,
ನಿನ್ನ ಮಗಳು


ಫೆಬ್ರವರಿ 16

ಮಗಳೇ,

ನಿನ್ನ ಕಾಗದ ಓದುವಾಗಲೂ ಕಿವಿ ಮುಚ್ಚಿಕೊಳ್ಳಬೇಕಾಯಿತು. ನಿನ್ನ ಚಿಕ್ಕಮ್ಮ ಅಂಗಡಿಯ ಬಾಗಿಲಲ್ಲಿ ಕೂತು ರಿಪೇರಿಗೆ ಬಂದ ಯಾರದೋ ಸೂಟ್‌ಕೇಸಿನ ಜಿಪ್ಪಿನ ಹೊಲಿಗೆ ಬಿಚ್ಚುತ್ತಿದ್ದಳು, ಏನಂತೆ ಎಂದಳು. ಓದಿ ಹೇಳಿದೆ. ಸೂಜಿ ಕೆಳಗಿಟ್ಟಳು. ಆ ನಾಯಿ ಅವಳ ಎರಡು ಜೊತೆ ಚಪ್ಪಲಿ ತಿಂದಿದೆ, ಆದರೂ.

ನನ್ನ ಮಾತು ಇಷ್ಟೇ. ಬೇಡ.

ನೀನು ಗೆದ್ದೆ ಎಂದು ಬರೆದಿದ್ದೀಯ. ಮಲಗಿದ್ದವಳು ನಾನು. ಆ ಔಷಧಿ ಇಳಿಯುವಾಗ ಮೊಣಕೈ ತನಕ ಉರಿ ಹತ್ತುತ್ತದೆ. ನೀರು ಕುಡಿದರೆ ತುಕ್ಕಿನ ರುಚಿ. ಸೋಪಿನ ವಾಸನೆಗೂ ಹೊಟ್ಟೆ ತೊಳಸುತ್ತದೆ. ನಾನು ಹೇಗೆ ತಡೆದುಕೊಂಡೆ ಗೊತ್ತಾ? ಬೈದು. ನರ್ಸಿಗೆ ಬೈದೆ, ಊಟ ತರುವವನಿಗೆ ಬೈದೆ, ನಿನಗಂತೂ ಮೂರು ಹೊತ್ತೂ ಬೈದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ. ಅಲ್ಲದೆ ಯಾಕೆ ಚುಚ್ಚುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಆ ಪ್ರಾಣಿಗೆ ಅದನ್ನು ಯಾರು ಹೇಳುತ್ತಾರೆ? ಅದರ ಪಾಲಿಗೆ, ತನ್ನವಳೇ ತನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕಾಲು ತೆಗೆಸಿಬಿಟ್ಟಳು, ಅಷ್ಟೇ.

ನೋವಿನ ಮಾತ್ರೆ ಕೊಡು. ಮೊಟ್ಟೆ ಕೊಡು. ಹಿಂದಿನ ಸೀಟಿಗೆ ಮೆತ್ತಗೆ ಏನಾದರೂ ಹಾಸು. ಇರುವಷ್ಟು ದಿನ ಇರಲಿ.

ಕೇಳುವುದಿಲ್ಲ ಎಂದು ಗೊತ್ತು. ನೀನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಈಗ ನಾಯಿಗೂ ಮೂರೇ ಕಾಲು ಮಾಡಿಸಲು ಹೊರಟಿದ್ದೀಯ.

ಬೇಡ ಎಂದು ಇನ್ನೊಮ್ಮೆ ಹೇಳುವ,
ಅಮ್ಮ


ಫೆಬ್ರವರಿ 20

ಅಮ್ಮ,

ಮೊಲದ ಮಾತಿಗೆ ನಗು ಬಂತು. ನಕ್ಕಿದ್ದಕ್ಕೆ ಸಿಟ್ಟೂ ಬಂತು.

ನಾಯಿಗೆ ಬೈಯಲು ಬರುವುದಿಲ್ಲ ಎಂದು ಯಾರು ಹೇಳಿದ್ದು? ಅವನ ಹೆಸರೇ ಗೊಣಗ. ನಿನ್ನಷ್ಟು ಶಬ್ದ ಇಲ್ಲದಿರಬಹುದು, ಅಭಿಪ್ರಾಯಕ್ಕೇನೂ ಕೊರತೆಯಿಲ್ಲ.

ಆದರೆ ನಿನ್ನ ಕಾಗದ ಓದಿದ ಮೇಲೆ ಅದು ನಾಯಿಯ ವಿಷಯವೇ ಅಲ್ಲ ಎನ್ನಿಸಿತು. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ನಿನಗೆ ಚಿಕಿತ್ಸೆ ಕೊಡಿಸಿದ್ದು ತಪ್ಪಾ? ಬಿಟ್ಟುಬಿಟ್ಟಿದ್ದರೆ ಚೆನ್ನಾಗಿತ್ತು ಅಂತಲಾ? ಅದಕ್ಕೇನಾ ವಾಸಿಯಾದ ಮೇಲೆ ನನ್ನ ಮನೆಯಲ್ಲಿ ನಿಲ್ಲದೆ ಚಿಕ್ಕಮ್ಮನ ಊರಿಗೆ ಹೋಗಿ ಬ್ಯಾಗು ಹೊಲಿಯುತ್ತಾ ಕೂತಿದ್ದು? ಹೌದು ಅಥವಾ ಇಲ್ಲ ಎಂದು ಬರೆ. ಬೇರೇನೂ ಬೇಡ.

ಆಪರೇಷನ್ ಬರುವ ಗುರುವಾರ.

ಉತ್ತರಕ್ಕೆ ಕಾಯುವ,
ಮಗಳು


ಫೆಬ್ರವರಿ 28

ಮಗಳೇ,

ಇದರ ಜೊತೆಯ ಕಟ್ಟಿನಲ್ಲಿ ಒಂದು ಪಟ್ಟಿ ಇದೆ. ನಾಯಿಯ ಹೊಟ್ಟೆಯ ಕೆಳಗೆ ಹಾಯಿಸಿ ಪಕ್ಕದಲ್ಲಿ ಕೊಂಡಿ ಹಾಕು, ಬೆನ್ನ ಮೇಲೆ ಹಿಡಿ ಬರುತ್ತದೆ. ಮೆಟ್ಟಿಲು ಹತ್ತುವಾಗ, ಕಾರಿಗೆ ಹತ್ತಿಸುವಾಗ ಅದನ್ನು ಹಿಡಿದು ಎತ್ತಿದರೆ ಅದಕ್ಕೂ ಸುಲಭ, ನಿನ್ನ ಸೊಂಟಕ್ಕೂ ಸುಲಭ. ಹಿಡಿ ಒಂದು ಹಳೆಯ ಸೂಟ್‌ಕೇಸಿನದು. ಸೂಟ್‌ಕೇಸು ಹರಿದು ಚಿಂದಿಯಾಗಿತ್ತು, ಹಿಡಿ ಮಾತ್ರ ಜಗ್ಗಿದರೂ ಬರುತ್ತಿರಲಿಲ್ಲ. ಒಳಗಡೆ ಮೆತ್ತನೆಯ ಬಟ್ಟೆ ಕೊಟ್ಟು ಎರಡು ಸಾಲು ಹೊಲಿಗೆ ಹಾಕಿದ್ದೇನೆ.

ಒಪ್ಪಿದೆ ಅಂದುಕೊಳ್ಳಬೇಡ. ಬಿದ್ದವರನ್ನು ಎತ್ತುವುದಕ್ಕೆ ಒಪ್ಪಿಗೆ ಬೇಕಾಗಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಕೂತೆ. ಹೌದು ಎಂದು ಬರೆಯಲು ಕೈ ಬರಲಿಲ್ಲ, ಇಲ್ಲ ಎಂದು ಬರೆಯಲೂ ಬರಲಿಲ್ಲ. ಅಷ್ಟರಲ್ಲಿ ಚಕ್ರ ಕಿತ್ತುಹೋದ ಬ್ಯಾಗನ್ನು ಹೊತ್ತುಕೊಂಡು ಒಬ್ಬ ಬಂದ, ಬಸ್ಸಿಗೆ ಹೊತ್ತಾಯಿತು ಎಂದು ತಲೆ ಮೇಲೆ ಕೂತ. ಈಗ ಕತ್ತಲಾಗಿದೆ. ಕಾಲು ತೆಗೆದ ಕಡೆ ನೆಕ್ಕಲು ಬಿಡಬೇಡ.

ಅವಸರದಲ್ಲಿ,
ಅಮ್ಮ


ಮಾರ್ಚ್ 21

ಅಮ್ಮ,

ಮೂರು ಕಾಲಿನ ಮೇಲೆ ಓಡುತ್ತಿದ್ದಾನೆ. ಓಡುವುದು ಸುಲಭವಂತೆ, ನಿಲ್ಲುವುದೇ ಕಷ್ಟ. ಮೊದಲ ವಾರ ಅಡುಗೆಮನೆಯ ನುಣುಪು ನೆಲದಲ್ಲಿ ಮೂತಿ ಮುಂದಾಗಿ ಬೀಳುತ್ತಿದ್ದ. ಕಾರಿನ ಹಳೆಯ ರಬ್ಬರ್ ಮ್ಯಾಟುಗಳನ್ನೆಲ್ಲ ತಂದು ಮನೆ ತುಂಬ ಹಾಸಿದೆ. ಈಗ ಮನೆಗೆ ಬಂದವರು ಗ್ಯಾರೇಜು ಹೊಕ್ಕೆವಾ ಎಂದು ಕೇಳುತ್ತಾರೆ. ಇಷ್ಟು ದಿನ ಆ ಕಾಲು ಎಷ್ಟು ನೋಯುತ್ತಿತ್ತು ಎಂದು ಅದು ಹೋದ ಮೇಲೆ ಗೊತ್ತಾಯಿತು. ಮುಖವೇ ಬೇರೆಯಾಗಿದೆ.

ಬೀದಿಯಲ್ಲಿ ಎಲ್ಲರೂ ಅಯ್ಯೋ ಪಾಪ ಎಂದು ನಿಲ್ಲುತ್ತಾರೆ. ಸೈಕಲ್ ಹಿಡಿದುಕೊಂಡು ನಿಂತವನೊಬ್ಬನಿಗೆ, ನಿನ್ನ ಗಾಡಿಗೆ ಎರಡೇ ಇರುವುದು, ಇವನಿಗೆ ಮೂರಿದೆ, ಪಾಪ ಯಾರು ಎಂದು ಕೇಳಿದೆ. ಕೆಲಸಕ್ಕೂ ಬರುತ್ತಿದ್ದಾನೆ. ಬ್ಯಾಂಕಿನ ಗುಮಾಸ್ತೆಯೊಬ್ಬಳು ತಿರುವಿನಲ್ಲಿ ವೇಗ ಇಳಿಸದೆ, ಅವನು ಸೀಟಿನಿಂದ ಜಾರಿ ಗೊಣಗಿದಾಗ, ನನ್ನನ್ನು ಬಿಟ್ಟು ಅವನಿಗೆ ಸಾರಿ ಕೇಳಿದಳು. ಮೊದಲ ಸಲದ ಔಷಧಿಯೂ ಆಯಿತು. ಎರಡು ದಿನ ಊಟ ಬಿಟ್ಟ, ಆಮೇಲೆ ಸರಿಹೋದ.

ನಿನ್ನ ಪಟ್ಟಿ ಗಟ್ಟಿಮುಟ್ಟಾಗಿದೆ. ಆದರೆ ನಾಲ್ಕು ಬೆರಳು ದೊಡ್ಡದಾಯಿತು. ನೀನು ನೋಡಿದಾಗ ಇದ್ದ ನಾಯಿಗೆ ಹೊಲಿದಿದ್ದೀಯ. ಒಳಗೆ ಟವೆಲ್ ಮಡಚಿಟ್ಟು ಕಟ್ಟುತ್ತೇನೆ.

ಈಗ ಇನ್ನೊಂದು. ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ನೀನು ಹೋದ ವಾರ ಆಸ್ಪತ್ರೆಗೆ ಹೋಗಿದ್ದೆ ಎಂದು ಬಾಯಿತಪ್ಪಿ ಹೇಳಿ, ತಕ್ಷಣ ಜಿಪ್ಪಿನ ಮಾತು ತೆಗೆದಳು. ಮತ್ತೆ ಬಂದಿದೆಯಾ, ಅಮ್ಮ? ಅದಕ್ಕೇ ನಾಯಿಯ ನೆಪದಲ್ಲಿ ಬೇಡ ಬೇಡ ಅಂತಿದ್ದೀಯಾ? ಈ ಸಲವೂ ನಾನು ಸುಮ್ಮನಿರುವವಳಲ್ಲ. ನಿನ್ನ ಹಳೆಯ ಡಾಕ್ಟರ ಹತ್ತಿರ ಹೋಗಿ, ಮುಂದಿನ ಸೋಮವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಭಾನುವಾರ ಕಾರು ತೆಗೆದುಕೊಂಡು ಬರುತ್ತೇನೆ, ತಯಾರಾಗಿರು.

ಬಿಡದ,
ಮಗಳು


ಮಾರ್ಚ್ 25

ಮಗಳೇ,

ಹಲ್ಲು. ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಚಿಕ್ಕಮ್ಮ ಮಾತು ನುಂಗಿದ್ದು, ಹೇಳಿದರೆ ನೀನು ಹಲ್ಲಿನ ಡಾಕ್ಟರನ್ನೂ ವಿಚಾರಿಸಿಕೊಳ್ಳುತ್ತೀಯ ಎಂಬ ಭಯಕ್ಕೆ. ನೀನು ಅದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ನನ್ನನ್ನು ಕೇಳದೆ ನನ್ನ ಹೆಸರು ಬರೆಸಿ ಬಂದಿದ್ದೀಯ. ಇವತ್ತೇ ತೆಗೆಸು. ಭಾನುವಾರ ಬಂದರೆ ಬಾಗಿಲು ತೆಗೆಯುವುದಿಲ್ಲ. ವರ್ಷದ ತಪಾಸಣೆ ಆಗಸ್ಟಿನಲ್ಲಿ, ನಾನೇ ಹೋಗುತ್ತೇನೆ.

ನಾಯಿಯ ಕಾಯಿಲೆ ನಾಯಿಯದು. ಅದರಲ್ಲಿ ನನ್ನನ್ನು ಹುಡುಕಬೇಡ.

ಇನ್ನು ನೀನು ಕೇಳಿದ್ದು. ಹೌದು ಇಲ್ಲ ಎರಡೂ ಯಾಕೆ ಬರೆಯಲಾಗಲಿಲ್ಲ ಎಂದು ಈಗ ಗೊತ್ತಾಯಿತು, ನೀನು ಹೆಸರು ಬರೆಸಿದ್ದನ್ನು ಓದಿದ ಮೇಲೆ. ಆವತ್ತು ಆ ಕೋಣೆಯಲ್ಲಿ ಡಾಕ್ಟರು ಫೈಲು ಮುಚ್ಚಿ ನನ್ನ ಕಡೆ ತಿರುಗಿದರು. ನಿನ್ನ ಕಡೆ ಅಲ್ಲ, ನನ್ನ ಕಡೆ. "ಏನಮ್ಮಾ, ಶುರು ಮಾಡೋಣ್ವಾ?" ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ನೀನು, "ಮಾಡಿ ಡಾಕ್ಟ್ರೇ, ನಾಳೆಯಿಂದ್ಲೇ ಮಾಡಿ" ಅಂದೆ. ಅವರು ಬರೆದುಕೊಂಡರು. ಮೌನಂ ಸಮ್ಮತಿ ಲಕ್ಷಣಂ ಅಂತ ನಾನೂ ಸಹಿ ಹಾಕಿದೆ. ನಾನು ಏನು ಹೇಳುತ್ತಿದ್ದೆ ಎಂದು ಆವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಕಲಿಸುವ ಕಾರಿನಲ್ಲಿ ನಿನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆಯಲ್ಲ, ಮನೆಯಲ್ಲೂ ನೀನು ಅದರ ಮೇಲೆ ಕಾಲಿಟ್ಟೇ ಕೂತಿರುತ್ತೀಯ. ನಾನು ವಾಸಿಯಾಗಿ ಬಂದ ಮೇಲೆ ನೀನು ನನ್ನ ಮಾತ್ರೆ ಎಣಿಸಿದೆ. ರಾತ್ರಿ ಉಸಿರಾಡುತ್ತಿದ್ದೇನಾ ಎಂದು ಮೂಗಿನ ಹತ್ತಿರ ಕೈ ಹಿಡಿದೆ. ಸ್ನಾನದ ಮನೆಯ ಚಿಲಕ ಕೀಳಿಸಿದೆ. ಚಿಲಕ ಇರುವ ಸ್ನಾನದ ಮನೆ ಬೇಕು ಎಂದು ನಾನು ಚಿಕ್ಕಮ್ಮನ ಮನೆಗೆ ಬಂದೆ. ಬೇರೆ ಕಾರಣ ಏನೂ ಇಲ್ಲ.

ಆವತ್ತು ಏನು ಹೇಳುತ್ತಿದ್ದೆ ಎಂದು ಈಗ ಕೇಳಬೇಡ. ಹೇಳುವುದಿಲ್ಲ.

ನಾಯಿಗೆ ಬಾಯಿಲ್ಲ, ಅದರ ಪರವಾಗಿ ನೀನೇ ಹೇಳಬೇಕು. ಹೇಳು. ಆದರೆ ಅದರ ಮುಖ ನೋಡಿ ಹೇಳು, ನನ್ನ ಮುಖ ನೆನೆಸಿಕೊಂಡು ಅಲ್ಲ.

ಬದುಕಿರುವ,
ಅಮ್ಮ


ಏಪ್ರಿಲ್ 26

ಅಮ್ಮ,

ಹೆಸರು ತೆಗೆಸಿದೆ. ಚಿಲಕಕ್ಕೆ ಮಾತ್ರ ತಲೆ ತಗ್ಗಿಸುವುದಿಲ್ಲ. ನೀನು ಒಳಗೆ ಬಿದ್ದಿದ್ದೆ, ಹೊರಗೆ ನಿಂತು ಬಾಗಿಲು ಒದ್ದವಳು ನಾನು. ಆ ಬಾಗಿಲಿನ ಸದ್ದು ಈಗಲೂ ಕಿವಿಯಲ್ಲಿದೆ. ಅದಕ್ಕೇ ಕೀಳಿಸಿದ್ದು.

ಗೊಣಗನ ವಿಷಯ ಬರೆಯುತ್ತೇನೆ. ಎರಡನೇ ಸಲದ ಔಷಧಿ ಆದ ಮೇಲೆ ವಾಂತಿ ಹೆಚ್ಚೇನೂ ಆಗಲಿಲ್ಲ. ಡಾಕ್ಟರಮ್ಮ ರಕ್ತ ನೋಡಿ, ಚೆನ್ನಾಗಿ ತಡೆದುಕೊಂಡಿದೆ ಎಂದರು. ಆದರೆ ಅವನು ಗೊಣಗುವುದನ್ನು ನಿಲ್ಲಿಸಿಬಿಟ್ಟ. ಏರಿನಲ್ಲಿ ಒಬ್ಬ ಎಂಜಿನ್ ಆಫ್ ಮಾಡಿಕೊಂಡು, ಕಾರು ಹಿಂದಕ್ಕೆ ಜಾರಿ, ನಾನು ನನ್ನ ಬ್ರೇಕ್ ಒತ್ತಿ, ಎಲ್ಲರೂ ಮುಗ್ಗರಿಸಿದೆವು. ಹಿಂದಿನಿಂದ ಸದ್ದೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ನಿದ್ದೆಯೂ ಇಲ್ಲ, ಸಿಟ್ಟೂ ಇಲ್ಲ. ರಕ್ತ ಪರೀಕ್ಷೆಯಲ್ಲಿ ಅದು ಬರುವುದಿಲ್ಲ.

ಮೂರನೇ ಸಲ ಹೋಗಬೇಕಾದ ಬೆಳಿಗ್ಗೆ ಕಾರಿನ ಕೀಲಿ ತೆಗೆದೆ. ಕೀಲಿಯ ಸದ್ದಿಗೆ ಬಾಗಿಲಿಗೆ ಹಾರುತ್ತಿದ್ದವನು ಮೇಜಿನ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ನಾನೂ ನೆಲದ ಮೇಲೆ ಕೂತೆ. ಮುಖ ನೋಡಿ ಹೇಳು ಎಂದು ಬರೆದಿದ್ದೆಯಲ್ಲ. ನೋಡಲು ಹೋದೆ, ಅಮ್ಮ. ಅವನು ನನ್ನ ಮುಖ ನೋಡಲಿಲ್ಲ.

ಅವನನ್ನು ಬಿಟ್ಟು ಒಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಪ್ರಮಾಣ ಇಳಿಸಿ ಮುಂದುವರಿಸಬಹುದು, ಇನ್ನಷ್ಟು ತಿಂಗಳು ಸಿಗಬಹುದು, ನಿಲ್ಲಿಸಿದರೆ ಕಡಿಮೆ, ಖಚಿತವಾಗಿ ಯಾರೂ ಹೇಳಲಾರರು ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಕಾದರು. ಬೇಡ, ನಿಲ್ಲಿಸಿ ಎಂದೆ. ಹೇಳುವಾಗ ಹಲ್ಲು ಕಚ್ಚಿಕೊಂಡಿದ್ದೆ.

ಈಗ ಕೇಳು ತಮಾಷೆ. ಮಾತು ಬಿಟ್ಟಿದ್ದ ವಕೀಲರು ಮೆಟ್ಟಿಲ ಮೇಲೆ ಅಡ್ಡ ನಿಂತು, ಇಷ್ಟೆಲ್ಲ ಮಾಡಿಸಿ ಈಗ ಅರ್ಧಕ್ಕೆ ಬಿಡುವುದಾ, ಇದು ನ್ಯಾಯವಾ ಎಂದರು. ವಕೀಲರಲ್ಲವೇ, ಎರಡೂ ಕಡೆ ವಾದ ಮಾಡುತ್ತಾರೆ. ನೀವು ಮೊದಲು ಯಾವ ಕಡೆ ಅಂತ ತೀರ್ಮಾನ ಮಾಡಿಕೊಂಡು ಬನ್ನಿ ಎಂದು ಬಾಗಿಲು ಹಾಕಿಕೊಂಡೆ.

ಸೋತೆ ಎಂದು ಬರೆಯಬೇಡ. ಕಾಲು ತೆಗೆಸಿದ್ದೂ ಸರಿ, ಔಷಧಿ ನಿಲ್ಲಿಸಿದ್ದೂ ಸರಿ. ಎರಡನ್ನೂ ಮಾಡಿದವಳು ನಾನೇ.

ಸೋಲದ,
ಮಗಳು


ಮೇ 4

ಮಗಳೇ,

ಸೋತೆ ಎಂದು ಯಾರೂ ಬರೆಯುವುದಿಲ್ಲ. ಕಾಲಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ನೀನು ಮಾಡಿಸಿದ್ದು ಸರಿ. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ, ಬೇಕಿದ್ದರೆ ಈ ಕಾಗದ ಜೋಪಾನವಾಗಿ ಇಟ್ಟುಕೋ.

ಪಟ್ಟಿಯನ್ನು ನಾನೇ ಬಂದು ಮೈಮೇಲೆ ಅಳತೆ ಹಿಡಿದು ಚಿಕ್ಕದು ಮಾಡುತ್ತೇನೆ. ಬರಲಾ ಎಂದು ಕೇಳುತ್ತಿಲ್ಲ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ, ಸಾಕೆನಿಸುವ ತನಕ ಇರುತ್ತೇನೆ. ಚಿಲಕ ಹಾಕಿಸಿಡು.

ನಿನ್ನ,
ಅಮ್ಮ


ಆಗಸ್ಟ್ 12

ಅಮ್ಮ,

ಫೋನ್ ಮಾಡಬಹುದಿತ್ತು. ಆದರೆ ಇದನ್ನು ಹೇಳುವಾಗ ನೀನೂ ಮಧ್ಯೆ ಬಾಯಿ ಹಾಕಬಾರದು ಎಂದು ಬರೆಯುತ್ತಿದ್ದೇನೆ.

ಗೊಣಗ ನಿನ್ನೆ ಹೋದ.

ನೀನು ಊರಿಗೆ ವಾಪಸಾದ ಮೇಲೆ ಕೆಮ್ಮು ಶುರುವಾಯಿತು. ಶ್ವಾಸಕೋಶಕ್ಕೆ ಹೋಗಿತ್ತು. ಅಲ್ಲಿಯ ತನಕ ಹೇಗಿದ್ದ ಎಂದು ನೀನೇ ನೋಡಿದ್ದೀಯ. ಮೂರು ಕಾಲಿನಲ್ಲಿ ನಿನ್ನ ಮಂಚ ಹತ್ತಿ, ನಿನ್ನನ್ನೇ ಅಂಚಿಗೆ ತಳ್ಳಿ ಮಲಗಿದ್ದು, ನನ್ನ ತಟ್ಟೆಯಿಂದ ಮೀನು ಎತ್ತಿಕೊಂಡು ಸೋಫಾ ಹಿಂದೆ ಹೋಗಿದ್ದು. ಹಿಂದಿನ ಸೀಟಿನಲ್ಲಿ ನೀವಿಬ್ಬರೂ ಕೂತು ಒಟ್ಟಿಗೆ ಗೊಣಗಿದ್ದಕ್ಕೆ ನನ್ನ ಇಬ್ಬರು ವಿದ್ಯಾರ್ಥಿಗಳು ಬೇರೆ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಹೋಗಲಿ, ಅವರಿಗೆ ಗೇರು ಬದಲಾಯಿಸಲೂ ಬರುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಉಸಿರಿಗೆ ಒದ್ದಾಡುತ್ತಿದ್ದ. ಡಾಕ್ಟರಮ್ಮ ಮನೆಗೇ ಬಂದರು. ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಟ್ಟರೆ ಕೆಲವು ದಿನ ಸಿಗಬಹುದು ಎಂದರು. ಅವನು ರಬ್ಬರ್ ಮ್ಯಾಟಿನ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದ. ಈ ಸಲ ನೋಡುತ್ತಿದ್ದ, ಅಮ್ಮ. ಬೇಡ, ಇಲ್ಲೇ ಮುಗಿಸಿ ಎಂದೆ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಮೇಲೆ ವಕೀಲರು ಇಳಿದು ಬಂದು, ಒಂದು ಮಾತೂ ಆಡದೆ, ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡರು.

ಇವತ್ತು ಕೆಲಸಕ್ಕೆ ಹೋದೆ. ಬ್ಯಾಂಕಿನ ಗುಮಾಸ್ತೆ ಒಂದು ತಪ್ಪೂ ಮಾಡದೆ ಓಡಿಸಿದಳು. ನಾನು ಗಾಡಿ ಬದಿಗೆ ನಿಲ್ಲಿಸಲು ಹೇಳಿ ಅತ್ತೆ.

ಒಂದು ಕೇಳುತ್ತೇನೆ. ಕ್ಷಮೆ ಕೇಳುತ್ತಿಲ್ಲ, ಬದುಕಿಸಿಕೊಂಡಿದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರಾ? ಆವತ್ತು ಡಾಕ್ಟರು ಕೇಳಿದಾಗ ನೀನು ಏನು ಹೇಳುತ್ತಿದ್ದೆ? ಏನಿದ್ದರೂ ಬರೆ. ಓದಿ ಮುಗಿಸುವ ತನಕ ಸುಮ್ಮನಿರುತ್ತೇನೆ.

ನಿನ್ನ,
ಮಗಳು


ಆಗಸ್ಟ್ 18

ಮಗಳೇ,

ಚಿಕ್ಕಮ್ಮ ಅಂಗಡಿ ಅರ್ಧ ದಿನ ಮುಚ್ಚಿದಳು. ಬಂದ ಗಿರಾಕಿಗಳು, ಯಾರು ತೀರಿಕೊಂಡರು ಎಂದು ಕೇಳಿದರೆ, ಮನೆಯವರು ಎಂದಳು. ಇಬ್ಬರೂ ಅತ್ತೆವು. ಅದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ.

ಆವತ್ತು ನೀನು ಬಾಯಿ ಹಾಕದಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಮನೆಗೆ ನಡಿ ಎಂದು ಕುರ್ಚಿಯಿಂದ ಏಳುತ್ತಿದ್ದೆ. ನೀನು ದಾರಿಯುದ್ದಕ್ಕೂ ಕೂಗಾಡುತ್ತಿದ್ದೆ. ನಾನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತು, ನಿನಗೆ ಬೈದು, ತೀರಿಕೊಂಡ ನಿಮ್ಮಪ್ಪನಿಗೂ ಬೈದು, ಕಿಟಕಿಯಲ್ಲಿ ಬೀದಿಯ ಜನ ಓಡಾಡುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ಸಂಜೆ ಹೊತ್ತಿಗೆ ಹೊರಗೆ ಬಂದು, "ಆಯ್ತು, ಮಾಡ್ಸು" ಎನ್ನುತ್ತಿದ್ದೆ. ಖಂಡಿತ ಎನ್ನುತ್ತಿದ್ದೆ. ನನಗೇನೂ ಸಾಯುವ ಆಸೆ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಒಂದು ಮಧ್ಯಾಹ್ನ. ನೀನು ನನ್ನ ಜೀವ ಉಳಿಸಿದೆ, ಆ ಮಧ್ಯಾಹ್ನವನ್ನು ಕಿತ್ತುಕೊಂಡೆ. ಎರಡೂ ನಿಜ. ನಾನೂ ಕ್ಷಮಿಸಲು ಕೂತಿಲ್ಲ.

ತಪಾಸಣೆ ಇಪ್ಪತ್ತೇಳಕ್ಕೆ. ಏನೂ ಇರಲಾರದು. ಇದ್ದರೆ ಡಾಕ್ಟರು ಮತ್ತೆ ನನ್ನ ಕಡೆ ತಿರುಗಿ ಕೇಳುತ್ತಾರೆ, ನಾನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಹೇಳುತ್ತೇನೆ. ಒಬ್ಬಳೇ ಹೋಗಿ ಬರುವುದು ನನಗೆ ಗೊತ್ತು. ಆದರೆ ಆ ಕೋಣೆಯಲ್ಲಿ ನನ್ನ ಪಕ್ಕ ಇನ್ನೊಂದು ಕುರ್ಚಿ ಇರುತ್ತದೆ, ಅದರಲ್ಲಿ ಬೇರೆ ಯಾರೋ ಬ್ಯಾಗು ಇಡುವುದು ನನಗೆ ಇಷ್ಟವಿಲ್ಲ.

ಬಾ. ಬಾಯಿ ಮುಚ್ಚಿಕೊಂಡು ಬಾ.

ನಿನ್ನ,
ಅಮ್ಮ